ಎಂಟುನೂರು ಎಂಎಲ್ ನೀರು

ನನ್ನ ಅಪ್ಪ ರಾಮಯ್ಯನಿಗೆ ಅಕ್ಷರ ಕಾಣುವುದಿಲ್ಲ ಎಂಬುದು ಆ ಕಾಲೇಜಿನಲ್ಲಿ ಮೊದಲು ನನಗೊಬ್ಬಳಿಗೇ ಗೊತ್ತಿತ್ತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಮನುಷ್ಯರು, ಮೇಜು, ಬಾಗಿಲು ಕಾಣುತ್ತಿದ್ದವು. ಬಾಟಲಿಯ ಮೇಲಿನ ಹೆಸರು ಮತ್ತು ತಕ್ಕಡಿಯ ಮೇಲಿನ ಅಂಕಿ ಕಾಣುತ್ತಿರಲಿಲ್ಲ. ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್‌ಗೆ ಮುಖ್ಯವಾಗಿ ಕಾಣಬೇಕಾದದ್ದು ಅವೆರಡೇ.

ಹಾಗಾಗಿ ತೂಗುತ್ತಿದ್ದವಳು ನಾನು. ಸಿದ್ದಾಪುರದಿಂದ ಜಯನಗರ ಒಂಬತ್ತನೇ ಬ್ಲಾಕಿಗೆ ಇಬ್ಬರೂ ಬಸ್ಸಿನಲ್ಲಿ ಬರುತ್ತಿದ್ದೆವು, ಅಪ್ಪನಿಗೆ ಟಿಕೆಟ್ಟು, ನನಗೆ ಫ್ರೀ. ಅಪ್ಪನ ಊಟದ ಡಬ್ಬಿ ತರುವವಳು, ಗಾಜಿನ ಸಾಮಾನು ತೊಳೆದುಕೊಡುವವಳು ಎಂದು ಎಲ್ಲರೂ ನನ್ನನ್ನು ಒಪ್ಪಿಕೊಂಡಿದ್ದರು. ಯಾರೂ ಕೆಲಸಕ್ಕೆ ಇಟ್ಟುಕೊಂಡಿರಲಿಲ್ಲ, ಯಾರೂ ಹೋಗು ಅಂದಿರಲೂ ಇಲ್ಲ. ನಾನು ಮಾತಾಡುವುದು ಕಡಿಮೆ. ಮಾತಾಡದವರು ಇದ್ದಾರೆಂಬುದನ್ನು ಜನ ಬೇಗ ಮರೆಯುತ್ತಾರೆ. ಲ್ಯಾಬಿನ ಹಿಂದೆ, ಬೀರುಗಳ ಸಾಲಿನಾಚೆ, ಒಂದು ಚಿಕ್ಕ ತೂಕದ ಕೋಣೆ ಇತ್ತು. ಅಲ್ಲಿ ಅಪ್ಪ ಬಾಗಿಲಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದ, ಅವನ ಮುಂದೆ ಸ್ಟೂಲಿನ ಮೇಲೆ ಕೂತು ನಾನು ತೂಗುತ್ತಿದ್ದೆ. ಹೊರಗಿನಿಂದ ನೋಡಿದವರಿಗೆ ಅಪ್ಪನ ಖಾಕಿ ಬೆನ್ನು ಮಾತ್ರ ಕಾಣುತ್ತಿತ್ತು.

ಜೂನ್ ಕೊನೆಗೆ ಅಪ್ಪನ ರಿಟೈರ್‌ಮೆಂಟು. ಅದುವರೆಗೆ ಹೀಗೇ ಸಾಗಿಸಬೇಕಿತ್ತು. ಜನವರಿಯಲ್ಲಿ ವಾಚ್‌ಮನ್ ಚಿಕ್ಕಬೈರಪ್ಪನನ್ನು ಒಂದೇ ಬೆಳಗ್ಗೆ ಕಳಿಸಿಬಿಟ್ಟಿದ್ದರು. ಕಾಲೇಜು ನಡೆಸುವ ಟ್ರಸ್ಟಿನ ಸೆಕ್ರೆಟರಿ ಗೇಟಿನಲ್ಲಿ ಕಾರು ನಿಲ್ಲಿಸಿ, ನಿಂತಲ್ಲಿಂದಲೇ ಕಾರಿನ ನಂಬರ್ ಓದು ಅಂದರಂತೆ. ಚಿಕ್ಕಬೈರಪ್ಪ ಹತ್ತಿರ ಹೋಗಿ ಬಗ್ಗಿದನಂತೆ. "ಬಗ್ಗಿ ಓದೋನು ಗೇಟಲ್ಲಿ ಯಾಕಯ್ಯ" ಎಂದು, ಇಪ್ಪತ್ತೆರಡು ವರ್ಷ ಅಲ್ಲೇ ನಿಂತಿದ್ದವನ ಟೋಪಿ ಬಿಚ್ಚಿಸಿಕೊಂಡು ಕಳಿಸಿದರು. ಆ ಸಂಜೆ ಅಪ್ಪ ಕಾಫಿ ಲೋಟ ಹಿಡಿದುಕೊಂಡು ಕೂತು ಕೇಳಿದ.

"ನಂಗೂ ಯಾವತ್ತಾದ್ರೂ ಓದು ಅಂದ್ರೆ?"

"ನಾನಿರ್ತೀನಲ್ಲಪ್ಪ" ಅಂದೆ.

ಅಮ್ಮ ಹಾಸಿಗೆ ಹಿಡಿದಾಗ ನಾನು ಒಂಬತ್ತನೇ ಕ್ಲಾಸು ಬಿಟ್ಟಿದ್ದೆ. ಅಮ್ಮ ಹೋದ ಮೇಲೆ ಮತ್ತೆ ಸ್ಕೂಲಿಗೆ ಕಾಲಿಡಲಿಲ್ಲ. ಆದರೂ ಇಂಗ್ಲಿಷ್ ಅಕ್ಷರ, ಅಂಕಿ ಬರುತ್ತಿದ್ದವು. ತೂಗುವುದಕ್ಕೆ ಅಷ್ಟು ಸಾಕು. ಯಾವ ಪುಡಿ, ಎಷ್ಟು ಗ್ರಾಂ, ಎಷ್ಟು ಲೀಟರ್ ನೀರು ಎಂದು ಲೆಕ್ಚರರ್ ಚನ್ನಬಸವಯ್ಯ ಸಾರ್ ಚೀಟಿ ಕೊಡುತ್ತಿದ್ದರು. ಆ ಚೀಟಿಗಳು ಪ್ರತಿ ವರ್ಷ ಅವೇ. ಹಳೆಯದನ್ನು ಮುಂದಿಟ್ಟುಕೊಂಡು ತಾರೀಖು ಬದಲಿಸಿ ನಕಲು ಮಾಡುತ್ತಿದ್ದರು. ಅಷ್ಟೇ ಗ್ರಾಂ ಏಕೆ ಎಂಬುದು ನನಗೆ ತಿಳಿದದ್ದು ಸಮನ್ವಿತಾಳಿಂದ.

ಸಮನ್ವಿತಾ ಸೆಕೆಂಡ್ ಪಿಯು ಹುಡುಗಿ. ಊಟದ ಡಬ್ಬಿ ಹಿಡಿದು ತೂಕದ ಕೋಣೆಗೆ ಬರುತ್ತಿದ್ದಳು, ಏಕೆಂದರೆ ಕ್ಲಾಸಿನಲ್ಲಿ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ತಪ್ಪು ಹೇಳಿದವರನ್ನು ಅಲ್ಲೇ ತಿದ್ದುವ ಚಾಳಿ ಅವಳದು. ಚನ್ನಬಸವಯ್ಯ ಸಾರನ್ನೂ ಬಿಡುತ್ತಿರಲಿಲ್ಲ. ನಾನು ಅವಳಿಗಿಂತ ಎರಡು ವರ್ಷ ದೊಡ್ಡವಳು, ಆದರೂ ಮೊದಲ ದಿನವೇ ನೀನು ಅಂದಳು. ನಾನೂ ನೀನು ಅಂದೆ. ಅವಳು ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ.

ಒಂದು ದಿನ ಬಾಗಿಲಿಗೆ ಅಡ್ಡವಾಗಿದ್ದ ಅಪ್ಪನ ಬೆನ್ನನ್ನು ಸುತ್ತಿಕೊಂಡು ಒಳಗೆ ಬಂದವಳು ತಕ್ಕಡಿಯ ಮುಂದೆ ನನ್ನನ್ನು ಕಂಡಳು. ಅಪ್ಪನ ಮುಖ ನೋಡಿದಳು, ನನ್ನ ಕೈ ನೋಡಿದಳು.

"ಅವ್ರಿಗೆ ಕಾಣ್ಸಲ್ವಾ?"

ನಾನು ಚಮಚ ಕೆಳಗಿಟ್ಟೆ.

"ಯಾರಿಗೂ ಹೇಳಲ್ಲ ಬಿಡು" ಅಂದು ಡಬ್ಬಿ ಬಿಚ್ಚಿದಳು. ಒಳಗೆ ಪುಳಿಯೋಗರೆ ಇತ್ತು. "ಎಷ್ಟು ತೂಗ್ತಿದ್ಯ? ಯಾಕೆ ಅಷ್ಟೇ ಅಂತ ಗೊತ್ತಾ?"

ಗೊತ್ತಿಲ್ಲ ಅಂದೆ. ಅವಳಿಗೆ ಅದು ಸಹಿಸಲಾಗಲಿಲ್ಲ. ನನ್ನ ಮೇಲಿನ ಕರುಣೆಗಿಂತ ಹೆಚ್ಚಾಗಿ, ತಿಳಿಯದೆ ಒಬ್ಬರು ಒಂದು ಕೆಲಸ ಮಾಡುವುದೇ ಅವಳಿಗೆ ಕಿರಿಕಿರಿ. ರೆಕಾರ್ಡ್ ಪುಸ್ತಕದ ಹಿಂದಿನ ಹಾಳೆ ಹರಿದು ಮೂರು ಅಕ್ಷರ ಬರೆದಳು. ಹೈಡ್ರೋಜನ್ ಒಂದು, ಕಾರ್ಬನ್ ಹನ್ನೆರಡು, ಆಕ್ಸಿಜನ್ ಹದಿನಾರು.

"ಒಂದೊಂದಕ್ಕೂ ಒಂದೊಂದು ತೂಕ. ಆಕ್ಸಾಲಿಕ್ ಆಸಿಡ್‌ನಲ್ಲಿ ಹೈಡ್ರೋಜನ್ ಎರಡು, ಕಾರ್ಬನ್ ಎರಡು, ಆಕ್ಸಿಜನ್ ನಾಲ್ಕು. ಕೂಡು."

ಬೆರಳು ಮಡಿಸಿ ಕೂಡಿದೆ. ಎರಡು, ಇಪ್ಪತ್ನಾಲ್ಕು, ಅರವತ್ನಾಲ್ಕು. "ತೊಂಬತ್ತು."

"ಅದೇ ಅದರ ಮೋಲಾರ್ ಮಾಸ್. ಆದ್ರೆ ನಿಮ್ ಬಾಟ್ಲಲ್ಲಿರೋದು ಹರಳು. ಹರಳಿನ ಹೊಟ್ಟೇಲಿ ನೀರಿರುತ್ತೆ. ಎರಡು ನೀರು, ಮೂವತ್ತಾರು. ಈಗ ಎಷ್ಟು?"

"ನೂರಾ ಇಪ್ಪತ್ತಾರು."

"ಬಾಟ್ಲು ನೋಡು."

ಬಾಟಲಿಯ ಲೇಬಲ್ಲಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅದೇ ಇತ್ತು, 126.07. ನಾನು ದಿನಾ ಒರೆಸುತ್ತಿದ್ದ ಬಾಟಲಿ ಅದು. ಅಲ್ಲಿ ಬರೆದದ್ದನ್ನು ನಾನೇ ಕೂಡಿ ಕಂಡುಹಿಡಿದಿದ್ದೆ. ನೆನೆಸಿದ ಹುರುಳಿ ತೂಗಿದರೆ ನೀರೂ ತೂಕಕ್ಕೆ ಬರುತ್ತದಲ್ಲ, ಹಾಗೆ, ಎಂದು ಅಂದುಕೊಂಡೆ. ಬಾಯಿ ಬಿಟ್ಟೂ ಅಂದಿರಬೇಕು.

"ಕರೆಕ್ಟ್" ಅಂದಳು ಸಮನ್ವಿತಾ. "ಸಾರ್ ಎರಡು ವರ್ಷದಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿದೆ. ಎರಡು ಲೀಟರ್‌ಗೆ ಇದರ ಹತ್ತರಲ್ಲಿ ಒಂದು ಭಾಗ ಹಾಕ್ತಾರೆ. ಅದಕ್ಕೇ ಹನ್ನೆರಡು ಪಾಯಿಂಟ್ ಆರು ಗ್ರಾಂ."

ಆಮೇಲೆ ದಿನವೂ ಒಂದೊಂದು ಬಾಟಲಿ ಹಿಡಿದು ಕೇಳುತ್ತಿದ್ದಳು. ತಪ್ಪಿದರೆ ತಲೆಗೆ ಪೆನ್ಸಿಲಿನಿಂದ ಕುಟ್ಟುತ್ತಿದ್ದಳು. "ನಿಂಗೆ ಹೇಳ್ಕೊಟ್ರೆ ನಂಗೇ ನೆನಪಿರುತ್ತೆ, ಥ್ಯಾಂಕ್ಸ್ ಎಲ್ಲ ಹೇಳ್ಬೇಡ" ಅನ್ನುತ್ತಿದ್ದಳು. ಆ ಹಾಳೆಯನ್ನು ನಾನು ಕುಪ್ಪಸದೊಳಗೆ ಇಟ್ಟುಕೊಂಡು ಮನೆಗೆ ಒಯ್ದೆ. ಎಷ್ಟೋ ದಿನ ಬಸ್ಸಿನ ಕಿಟಕಿಗೆ ತಲೆ ಒರಗಿಸಿ ಒಳಗೇ ಕೂಡುತ್ತಿದ್ದೆ: ಉಪ್ಪು, ಅಡುಗೆ ಸೋಡ, ಸುಣ್ಣ.

ಫೆಬ್ರವರಿಯಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ಸಣ್ಣ ಕಾಲೇಜು, ಇಪ್ಪತ್ತೆರಡು ಮಕ್ಕಳು, ಒಂದೇ ಬ್ಯಾಚು. ಹಿಂದಿನ ದಿನ ಬೆಳಗ್ಗೆ ಆಕ್ಸಾಲಿಕ್ ಆಸಿಡ್‌ನ ಹಳೆ ಬಾಟಲಿ ಖಾಲಿಯಾಗಿದ್ದು ನೋಡಿ ಹೊಸದನ್ನು ಬಿಚ್ಚಿದೆ. ಆಫೀಸಿನವರು ಈ ಸಲ ಬೇರೆ ಅಂಗಡಿಯಿಂದ ತರಿಸಿದ್ದರು. ಅಪ್ಪ ಚಮಚದಲ್ಲಿ ಸ್ವಲ್ಪ ತೆಗೆದು ಬೆರಳಿನಲ್ಲಿ ಉಜ್ಜಿದ.

"ಇದೇನು ಇಷ್ಟು ನುಣ್ಣಗಿದೆ, ಮೈದಾಹಿಟ್ಟಿನ ಹಂಗೆ."

ನಾನು ಲೇಬಲ್ ನೋಡಿದೆ. 90.03 ಎಂದಿತ್ತು. ಇದರ ಹೊಟ್ಟೆಯಲ್ಲಿ ನೀರಿರಲಿಲ್ಲ. ಚೀಟಿಯಲ್ಲಿ ಎಂದಿನಂತೆ 12.6 ಗ್ರಾಂ ಎಂದಿತ್ತು. ಇದನ್ನು ತೂಗಬೇಕಾದದ್ದು ಒಂಬತ್ತೇ ಗ್ರಾಂ.

ಸುಮ್ಮನೆ ಒಂಬತ್ತು ತೂಗಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಗೊತ್ತಿದೆ ಎಂದು ಯಾರಿಗಾದರೂ ಹೇಳಬೇಕೆನ್ನಿಸಿತು. ಜೀವಮಾನದಲ್ಲಿ ಮೊದಲ ಸಲ. ಬಾಟಲಿ ಹಿಡಿದು ಸ್ಟಾಫ್ ಮೇಜಿನ ಹತ್ತಿರ ಹೋದೆ. ಚನ್ನಬಸವಯ್ಯ ಸಾರ್ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಮೊಬೈಲಿನಲ್ಲಿ ಯಾರಿಗೋ ನಾಳೆಯ ಊಟದ ವ್ಯವಸ್ಥೆ ಹೇಳುತ್ತಿದ್ದರು. ಹೊರಗಿನ ಎಕ್ಸಾಮಿನರ್ ಬರುವವರಿದ್ದರು.

"ಸಾರ್, ಇದು ಬೇರೆ ಥರದ್ದು. ಇದರಲ್ಲಿ ನೀರಿಲ್ಲ. ಹನ್ನೆರಡು ಹಾಕಿದ್ರೆ ಜಾಸ್ತಿ ಆಗುತ್ತೆ."

ಅವರು ಫೋನನ್ನು ಕಿವಿಯಿಂದ ತೆಗೆದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಎಷ್ಟನೇ ಕ್ಲಾಸು ನೀನು ಓದಿದ್ದು?"

"ಒಂಬತ್ತು ಸಾರ್. ಪೂರ್ತಿ ಇಲ್ಲ."

"ಪೂರ್ತಿ ಇಲ್ಲ." ಪಕ್ಕದ ಮೇಜಿನ ಫಿಸಿಕ್ಸ್ ಲೆಕ್ಚರರ್ ಕಡೆ ತಿರುಗಿದರು. "ಕೇಳಿದ್ರಾ? ಪೂರ್ತಿ ಇಲ್ವಂತೆ. ನಾವು ಎಂಎಸ್ಸಿ ಮಾಡಿ ಹಾಳಾದ್ವಿ. ನೀರಿಲ್ವಂತೆ, ನಲ್ಲಿ ತಿರುಗ್ಸು, ಬರುತ್ತೆ." ಇಬ್ಬರೂ ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು: "ಅಲ್ಲ, ಬಾಟ್ಲು ಓದೋದು ನಿಮ್ಮಪ್ಪನ ಕೆಲಸ. ನೀನ್ಯಾಕೆ ಓದ್ದೆ? ಅವನಿಗೇನಾಗಿದೆ?"

ಅಪ್ಪ ಅಷ್ಟರಲ್ಲಿ ಹಿಂದಿನಿಂದ ಬಂದಿದ್ದ. "ಏನಿಲ್ಲ ಸಾರ್, ಹುಡುಗಿ, ಏನೋ ತಿಳೀದೆ..."

"ಓದು ರಾಮಯ್ಯ. ಎಷ್ಟಿದೆ ಅದರಲ್ಲಿ?"

ಅಪ್ಪ ನನ್ನ ಕೈಯಿಂದ ಬಾಟಲಿ ತೆಗೆದುಕೊಂಡ. ಕಣ್ಣಿನ ಹತ್ತಿರ ಒಯ್ಯಲಿಲ್ಲ. ಚಿಕ್ಕಬೈರಪ್ಪನ ನೆನಪಿರಬೇಕು, ನೆಟ್ಟಗೆ ನಿಂತು, ಕೈ ನೀಡಿ ದೂರ ಹಿಡಿದು, ಮೂವತ್ತೊಂದು ವರ್ಷದಿಂದ ಬಾಯಿಪಾಠವಾಗಿದ್ದುದನ್ನು ಓದಿದ.

"ಆಕ್ಸಾಲಿಕ್ ಆಸಿಡ್. ನೂರಾ ಇಪ್ಪತ್ತಾರು ಪಾಯಿಂಟ್ ಸೊನ್ನೆ ಏಳು."

ಸಾರ್ ಬಾಟಲಿಯ ಕಡೆ ತಿರುಗಿಯೂ ನೋಡಲಿಲ್ಲ. "ಕೇಳ್ದೇನಮ್ಮ ಸೈಂಟಿಸ್ಟು? ಮೂವತ್ತು ವರ್ಷ ತೂಗಿದೋನು ಹೇಳ್ತಿದ್ದಾನೆ. ನೀನು ಪಾತ್ರೆ ತೊಳಿ. ನಡಿ ರಾಮಯ್ಯ, ಇವತ್ತು ನಾನೇ ನಿಂತು ತೂಗಿಸ್ತೀನಿ. ಇವಳು ಇನ್ನೇನು ಹೇಳ್ತಾಳೋ."

ಅಷ್ಟು ವರ್ಷದಲ್ಲಿ ತೂಗುವಾಗ ಸಾರ್ ಬಂದದ್ದು ಅದೇ ಮೊದಲು, ಅದೂ ನಾನು ಬಾಯಿ ಬಿಟ್ಟದ್ದಕ್ಕೆ. ಅಪ್ಪ ತಕ್ಕಡಿಯ ಮುಂದೆ ಕೂತ. ನಾನು ಪಕ್ಕದಲ್ಲಿ ಫ್ಲಾಸ್ಕ್ ಹಿಡಿದುಕೊಂಡು ನಿಂತೆ. ಅಪ್ಪ ಪುಡಿ ಹಾಕುತ್ತಾ ಹೋದ, ಕೆಂಪು ಅಂಕಿ ಏರುತ್ತಾ ಹೋಯಿತು. 12.6 ಬಂದಾಗ ನಾನು ಫ್ಲಾಸ್ಕಿಗೆ ಉಗುರಿನಿಂದ ಒಂದು ಸಲ ತಟ್ಟಿದೆ. ಅಪ್ಪ ನಿಲ್ಲಿಸಿದ. ಸಾರ್ ರಿಜಿಸ್ಟರಿನಲ್ಲಿ ಸಹಿ ಹಾಕಿ, "ಇನ್ನೊಂದು ಸಲ ಈ ಹುಡುಗಿ ಲ್ಯಾಬಲ್ಲಿ ಮಾತಾಡಿದ್ದು ಕೇಳಿದ್ರೆ ನಿನ್ನೂ ಕಳಿಸ್ತೀನಿ ನೋಡು" ಎಂದು ಹೋದರು.

ಬಸ್ಸಿನಲ್ಲಿ ಅಪ್ಪ ಮೆಲ್ಲಗೆ ಕೇಳಿದ, "ಅದರ ಮೇಲೆ ಎಷ್ಟಿತ್ತು?"

"ತೊಂಬತ್ತು."

ಅಪ್ಪ ಮಡಿಲಲ್ಲಿದ್ದ ಖಾಲಿ ಡಬ್ಬಿಯ ಮುಚ್ಚಳ ತೆಗೆದ, ಹಾಕಿದ.

ಪರೀಕ್ಷೆಯ ದಿನ ಎಂಟು ಗಂಟೆಗೇ ಬಂದೆವು. ಆ ಪುಡಿ ಕರಗಿಸಿಟ್ಟ ಎರಡು ಲೀಟರ್ ನೀರನ್ನು ಬಿಳಿ ಕ್ಯಾನಿಗೆ ಸುರಿದು ನಾನೊಬ್ಬಳೇ ಅದರ ಮುಂದೆ ನಿಂತಿದ್ದೆ. ಆಗ ಹೊಳೆಯಿತು. ಬೇಳೆಸಾರಿಗೆ ಉಪ್ಪು ಹೆಚ್ಚಾದರೆ ಏನು ಮಾಡುತ್ತೇವೆ? ಒಂಬತ್ತು ಗ್ರಾಂ ಎರಡು ಲೀಟರಿಗೆ ಆದರೆ, ಮೇಲೆ ಬಿದ್ದ ಮೂರು ಪಾಯಿಂಟ್ ಆರು ಗ್ರಾಮಿಗೆ ಎಂಟುನೂರು ಎಂಎಲ್. ಅಷ್ಟು ನೀರು ಬೆರೆಸಿದರೆ ಎಲ್ಲ ಸರಿಹೋಗುತ್ತದೆ. ಎರಡು ಸಲ ಕೂಡಿ ನೋಡಿದೆ. ಅಳತೆಯ ಜಾರಿನಲ್ಲಿ ಎಂಟುನೂರರ ಗೆರೆಯವರೆಗೆ ನೀರು ಹಿಡಿದೆ. ಕ್ಯಾನಿನ ಬಾಯಿಯ ಹತ್ತಿರ ತಂದೆ.

ಹೊರಗೆ ಸಾರ್ ಸ್ವರ ಕೇಳಿಸಿತು. ಹೊರಗಿನ ಎಕ್ಸಾಮಿನರ್ ಸೌಮ್ಯ ಮೇಡಂ ಬಂದಿದ್ದರು. ಸಾರ್ ಅವರಿಗೆ ಹೇಳುತ್ತಿದ್ದರು: "ನಮ್ ಲ್ಯಾಬ್ ಅಟೆಂಡರ್ ಮಗಳೊಬ್ಳು ಇದ್ದಾಳೆ ಮೇಡಂ, ಪಾತ್ರೆ ತೊಳಿಯೋಳು. ನಿನ್ನೆ ಬಂದು ನಂಗೇ ಕೆಮಿಸ್ಟ್ರಿ ಹೇಳ್ಕೊಟ್ಳು. ಇದರಲ್ಲಿ ನೀರಿಲ್ಲ ಸಾರ್ ಅಂತ!" ಮೇಡಂ ನಗುವುದು ಕೇಳಿಸಿತು. ಪಾಪ ಅನ್ನುವ ಥರದ ನಗು.

ನಾನು ಜಾರಿನ ನೀರನ್ನು ಸಿಂಕಿಗೆ ಚೆಲ್ಲಿದೆ.

ಇಪ್ಪತ್ತೆರಡು ಮಕ್ಕಳಿಗೂ ಲೆಕ್ಕ ತಪ್ಪಿ ಬರುತ್ತದೆ. ಇದೇ ಮೇಡಂ ಮುಂದೆ ಸಾರ್ ತಲೆ ತಗ್ಗಿಸುತ್ತಾರೆ. ಚೀಟಿಯೂ ಅವರದು, ರಿಜಿಸ್ಟರಿನ ಸಹಿಯೂ ಅವರದು. ನಾನು ಮೂಲೆಯಲ್ಲಿ ನಿಂತು ನೋಡುತ್ತೇನೆ. ನಾನು ಯೋಚಿಸಿದ್ದು ಅಷ್ಟೇ.

ಪರೀಕ್ಷೆ ಶುರುವಾಯಿತು. ಆಕ್ಸಾಲಿಕ್ ಆಸಿಡನ್ನು ಹತ್ತು ಎಂಎಲ್ ಅಳೆದು ಬಿಸಿ ಮಾಡಬೇಕು, ಮೇಲಿನ ಗಾಜಿನ ಕೊಳವೆಯಿಂದ ನೇರಳೆ ನೀರನ್ನು ತೊಟ್ಟು ತೊಟ್ಟಾಗಿ ಬಿಡಬೇಕು. ಬಣ್ಣ ಮಾಯವಾಗುತ್ತಾ ಹೋಗಿ, ಒಂದು ತೊಟ್ಟಿಗೆ ತಿಳಿಗುಲಾಬಿ ನಿಂತುಬಿಟ್ಟರೆ ಅಲ್ಲಿಗೆ ನಿಲ್ಲಿಸಿ ಎಷ್ಟು ಇಳಿಯಿತೆಂದು ಬರೆಯಬೇಕು. ಪ್ರತಿ ವರ್ಷ ಹತ್ತು ಎಂಎಲ್‌ಗೆ ನಿಲ್ಲುತ್ತಿತ್ತು. ಇವತ್ತು ಹದಿನಾಲ್ಕಕ್ಕೆ ನಿಲ್ಲುತ್ತದೆ. ಬರ್ನರುಗಳ ಕಾವಿಗೆ ಲ್ಯಾಬು ಕಾದ ಬಾಣಲೆಯಂತಿತ್ತು. ನಾನು ತೊಳೆದ ಫ್ಲಾಸ್ಕುಗಳನ್ನು ಹಂಚುತ್ತಾ ಒಬ್ಬೊಬ್ಬರ ಮುಖ ನೋಡಿದೆ.

ಹತ್ತು ದಾಟಿತು. ಗುಲಾಬಿ ನಿಲ್ಲಲಿಲ್ಲ. ವಿಶ್ರುತ್ ಎಂಬ ಹುಡುಗ ಪಕ್ಕದವನಿಗೆ ಪಿಸುಗುಟ್ಟಿದ, "ಮಗಾ, ಹನ್ನೆರಡಾಯ್ತು, ಇನ್ನೂ ಬರ್ತಿಲ್ಲ."

"ನಿಲ್ಸಿ ಹತ್ತು ಬರ್ಯೋ ಲೇ. ಸೀನಿಯರ್ಸ್ ಗ್ರೂಪಲ್ಲಿ ಹಾಕಿದ್ರಲ್ಲ, ಹತ್ತೂಂತ."

"ಕಲರ್ ಬಂದಿಲ್ಲ ಗುರು."

"ಕಲರ್ ತಗೊಂಡು ಏನ್ ಹೋಳಿ ಆಡ್ತೀಯಾ? ಹತ್ತು ಬರಿ."

ಅವನು 10.0 ಎಂದು ಬರೆದ. ಅನುಮಾನ ಬರದಿರಲೆಂದು ಕೆಳಗೆ 9.9 ಎಂದೂ ಬರೆದ. ಅವನ ಹಿಂದಿನವಳು ಬರೆದಳು. ಸಾಲು ಸಾಲಾಗಿ ಹತ್ತು, ಹತ್ತು, ಒಂಬತ್ತು ಪಾಯಿಂಟ್ ಒಂಬತ್ತು. ಕೆಲವರು ನೇರಳೆಯನ್ನು ಒಂದೇ ಸಲ ಸುರಿದು ಗುಲಾಬಿ ಮಾಡಿಕೊಂಡರು. ಸಾರ್ ಕೈ ಹಿಂದೆ ಕಟ್ಟಿ ನಡುವೆ ನಡೆಯುತ್ತಾ, ಯಾರ ಮುಖಕ್ಕೂ ಹೇಳದೆ, "ಹತ್ತರ ಆಸುಪಾಸು ಬರ್ಬೇಕಪ್ಪ, ಹತ್ತರ ಆಸುಪಾಸು" ಅನ್ನುತ್ತಿದ್ದರು. ಪ್ರತಿ ವರ್ಷ ಹಾಗೇ ಅನ್ನುತ್ತಿದ್ದರಂತೆ. ಕಂಡದ್ದನ್ನು ಬರೆಯುವ ಪದ್ಧತಿ ಆ ಲ್ಯಾಬಿನಲ್ಲಿ ಇರಲೇ ಇಲ್ಲ ಎಂಬುದು ನನಗೆ ಆಗ ತಿಳಿಯಿತು. ಫ್ಲಾಸ್ಕು ತೊಳೆದವಳಿಗೆ ಪುಸ್ತಕದಲ್ಲಿ ಏನು ಬರೆಯುತ್ತಾರೆಂದು ಹೇಗೆ ಗೊತ್ತಿರಬೇಕು?

ಇಪ್ಪತ್ತೊಂದು ಜನ ಹತ್ತು ಬರೆದರು. ಸಮನ್ವಿತಾ ನಾಲ್ಕು ಸಲ ಮಾಡಿದಳು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ನಾಲ್ಕು ಸಲವೂ ಕಂಡದ್ದನ್ನು ಬರೆದು ಎಕ್ಸಾಮಿನರ್ ಮೇಜಿಗೆ ಹಾಳೆ ಕೊಟ್ಟಳು.

ಸೌಮ್ಯ ಮೇಡಂ ಹುಬ್ಬೇರಿಸಿದರು. "ಹದಿನಾಲ್ಕಾ?"

"ನಾಲ್ಕು ಸಲ ಮೇಡಂ. ಹದಿನಾಲ್ಕೇ ಬಂತು."

ಚನ್ನಬಸವಯ್ಯ ಸಾರ್ ಬಗ್ಗಿ ನೋಡಿದರು. ಎರಡು ವರ್ಷದಿಂದ ಕ್ಲಾಸಿನಲ್ಲಿ ತಿದ್ದಿಸಿಕೊಂಡ ಮನುಷ್ಯನ ಮುಖದಲ್ಲಿ ಹಬ್ಬ ಮೂಡಿತು. "ಎಲ್ರಿಗೂ ಹತ್ತು, ನಿಂಗೊಬ್ಳಿಗೆ ಹದಿನಾಲ್ಕು. ಬಾಕಿ ನಾಲ್ಕು ಎಂಎಲ್ ಕುಡಿದುಬಿಟ್ಯೇನಮ್ಮ?"

ಲ್ಯಾಬಿಗೆ ಲ್ಯಾಬೇ ನಕ್ಕಿತು. ಹತ್ತು ದಾಟಿದ್ದನ್ನು ಕಣ್ಣಾರೆ ಕಂಡವರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಸಮನ್ವಿತಾ ಹಾಳೆ ತಿರುಗಿಸಿ ಏನೋ ಗೀಚಿದಳು. ಆಮೇಲೆ ತಲೆಯೆತ್ತಿದಳು. "ಸಾರ್, ಹನ್ನೆರಡು ಪಾಯಿಂಟ್ ಆರು ಗ್ರಾಂ ತಾನೆ ಹಾಕಿರೋದು? ನೂರಾ ಇಪ್ಪತ್ತಾರನ್ನ ಹತ್ತರಿಂದ ಗುಣಿಸಿ ಹದಿನಾಲ್ಕರಿಂದ ಭಾಗಿಸಿ. ತೊಂಬತ್ತು ಬರುತ್ತೆ. ಕರೆಕ್ಟಾಗಿ ತೊಂಬತ್ತು. ಅದು ನೀರಿಲ್ಲದ ಆಕ್ಸಾಲಿಕ್ ಆಸಿಡ್. ಬಾಟ್ಲು ತರ್ಸಿ ನೋಡಿ."

ನಗು ನಿಂತಿತು. ಸೌಮ್ಯ ಮೇಡಂ ಪೆನ್ನು ಕೆಳಗಿಟ್ಟರು. "ನೀರಿಲ್ಲ" ಎಂಬ ಮಾತನ್ನು ಆ ಬೆಳಗ್ಗೆ ಅವರು ಎರಡನೇ ಸಲ ಕೇಳುತ್ತಿದ್ದರು. ಸಾರ್ ಮುಖದಲ್ಲಿದ್ದ ಹಬ್ಬ ಸರ್ರನೆ ಇಳಿಯುವುದನ್ನು ನಾನು ನೋಡಿದೆ. ಇದೇ ಗಳಿಗೆಗೆ ಕಾದಿದ್ದೆ. ಒಂದು ಕ್ಷಣ ಹೊಟ್ಟೆ ತಣ್ಣಗಾಯಿತು.

ಆಗ ಸಾರ್ ಕಣ್ಣು ಲ್ಯಾಬಿನ ತುದಿಗೆ ಹೋಯಿತು, ಅಪ್ಪನ ಕಡೆಗೆ.

"ನಿನ್ನೆ ನನ್ನೆದುರಿಗೆ ಬಾಟ್ಲು ಓದಿದ್ದು ನೀನಲ್ವಾ ರಾಮಯ್ಯ? ಏನಂತ ಓದ್ದೆ? ಹೇಳು ಮೇಡಂಗೆ."

"ನೂರಾ ಇಪ್ಪತ್ತಾರು ಸಾರ್" ಅಂದ ಅಪ್ಪ.

"ತಗೊಂಬಾ ಬಾಟ್ಲು. ಅದರಲ್ಲಿ ತೊಂಬತ್ತಿದ್ರೆ ಇವತ್ತೇ ನಿನ್ನ ಕೊನೇ ದಿನ."

ಅಪ್ಪ ತೂಕದ ಕೋಣೆಯ ಕಡೆ ಹೆಜ್ಜೆ ಇಟ್ಟ. "ನಾನ್ ತರ್ತೀನಪ್ಪ" ಎಂದು ನಾನು ಓಡಿದೆ. ಅಷ್ಟು ಜನರ ಮುಂದೆ ನಾನು ಓಡಿದ್ದು ಅದೊಂದೇ ಸಲ.

ಕೋಣೆಯಲ್ಲಿ ಹೊಸ ಬಾಟಲಿ ಮೇಜಿನ ಮೇಲಿತ್ತು. ಖಾಲಿಯಾದ ಹಳೆಯದು ತೊಳೆಯಲೆಂದು ಕೆಳಗಿಟ್ಟಿದ್ದ ಬುಟ್ಟಿಯಲ್ಲಿತ್ತು, ಲೇಬಲ್ಲು ಇನ್ನೂ ಗಟ್ಟಿಯಾಗಿತ್ತು. ಎರಡರ ಮುಚ್ಚಳವನ್ನೂ ತೆಗೆದೆ. ಕಾಗದ ಮಡಿಸಿ ಸುರಿಯಲು ಪುರುಸೊತ್ತಿರಲಿಲ್ಲ, ಬಾಯಿಗೆ ಬಾಯಿ ಹಿಡಿದು ಸುರಿದೆ. ಪುಡಿ ಹಿಟ್ಟಿನಂತೆ ಎದ್ದು ಕೈಗೆ, ತೋಳಿಗೆ ಮೆತ್ತಿಕೊಂಡಿತು. ಪಾತ್ರೆ ತೊಳೆದು ಬಿರಿದ ಬೆರಳಿನ ಸಂದಿಗಳು ಉರಿಯತೊಡಗಿದವು. ಲೇಬಲ್ಲು ನೆನೆದು ಬಿಡಲೆಂದು ಹೊಸ ಬಾಟಲಿಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದೆ. ಹಳೆಯದನ್ನು ಎದೆಗೊತ್ತಿಕೊಂಡು ಹೊರಗೆ ಬಂದೆ.

ಸೌಮ್ಯ ಮೇಡಂ ಲೇಬಲ್ಲನ್ನು ಗಟ್ಟಿಯಾಗಿ ಓದಿದರು. "ಒನ್ ಟ್ವೆಂಟಿ ಸಿಕ್ಸ್ ಪಾಯಿಂಟ್ ಝೀರೋ ಸೆವೆನ್."

ಚನ್ನಬಸವಯ್ಯ ಸಾರ್ ಉಸಿರು ಬಿಟ್ಟರು. ಅಪ್ಪ ಗೋಡೆಗೆ ಒರಗಿದ.

ಸಮನ್ವಿತಾ ಬಾಟಲಿಯೊಳಗೆ ಇಣುಕಿದಳು. "ಇದು ಹರಳಲ್ಲ ಮೇಡಂ, ಪುಡಿ! ಬೇರೆ ಬಾಟ್ಲಿಂದು..." ಅವಳ ಮಾತು ಅಲ್ಲೇ ನಿಂತಿತು. ನನ್ನ ತೋಳು ನೋಡುತ್ತಿದ್ದಳು. ತೋಳಿನ ತುಂಬ ಬಿಳಿ.

ಅವಳು ನನ್ನ ಅಪ್ಪನ ಕಣ್ಣಿನ ವಿಷಯ ಹೇಳಿಬಿಡಬಹುದಿತ್ತು. ಒಂದು ಮಾತು ಸಾಕಿತ್ತು. ಗೋಡೆಗೆ ಒರಗಿದ್ದ ಅಪ್ಪನನ್ನು ಒಮ್ಮೆ ನೋಡಿದಳು. ಹೇಳಲಿಲ್ಲ.

"ಇವಳನ್ನ ಕೇಳಿ ಸಾರ್" ಅಂದಳು. "ಹೇಮಾಗೆ ಲೆಕ್ಕ ಬರುತ್ತೆ. ನಾನೇ ಹೇಳ್ಕೊಟ್ಟಿದೀನಿ. ಹೇಮಾ, ಹೇಳು. ಆ ಬಾಟ್ಲಲ್ಲಿ ಎಷ್ಟಿತ್ತು?"

ಸಾರ್ ನನ್ನ ಕಡೆ ತಿರುಗಿದರು. ಅವರಿಗೂ ನನ್ನ ತೋಳು ಕಾಣುತ್ತಿತ್ತು. ನಿನ್ನೆ ನಾನು ಹೇಳಿದ್ದು ಅವರಿಗೆ ಮರೆತಿರಲಿಲ್ಲ. ಬೆಳಗ್ಗೆ ನಕ್ಕಿದ್ದ ಮೇಡಂಗೂ ಮರೆತಿರಲಿಲ್ಲ. ಸಾರ್, ಮೇಡಂ, ಸಮನ್ವಿತಾ, ಅಪ್ಪ, ನಾಲ್ವರಿಗೂ ಗೊತ್ತಿತ್ತು ಎಂದು ಈಗಲೂ ನನಗನ್ನಿಸುತ್ತದೆ. ಆದರೂ ಸಾರ್ ಬಹಳ ಮೃದುವಾಗಿ, ಮೊದಲ ಸಲ ಹೆಸರು ಹಿಡಿದು ಕೇಳಿದರು.

"ಹೇಳಮ್ಮ ಹೇಮಶ್ರೀ. ಆಕ್ಸಾಲಿಕ್ ಆಸಿಡ್ ಮೋಲಾರ್ ಮಾಸ್ ಎಷ್ಟು?"

ಇಪ್ಪತ್ತೊಂದು ಮಕ್ಕಳು ಬಾಯಿ ತೆರೆದುಕೊಂಡು ಕಾದರು.

"ಹಂಗಂದ್ರೆ ಏನು ಸಾರ್?" ಅಂದೆ. "ನಂಗೆ ಓದಕ್ಕೆ ಬರಲ್ಲ. ನಾನು ಪಾತ್ರೆ ತೊಳಿಯೋಳು."

ಆ ನಗು ಮುಗಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು. "ಎಂಥಾ ಸ್ಟೂಡೆಂಟನ್ನ ತಯಾರು ಮಾಡಿದ್ದೀಯಮ್ಮ ಟೀಚರ್!" ಎಂದು ಹಿಂದಿನಿಂದ ವಿಶ್ರುತ್ ಕೂಗಿದ. ಸೌಮ್ಯ ಮೇಡಂ ನಗಲಿಲ್ಲ. ಗಡಿಯಾರ ನೋಡಿಕೊಂಡರು, ಪೆನ್ನು ಎತ್ತಿಕೊಂಡರು.

ಮಧ್ಯಾಹ್ನ ಸಾರ್, ಮೇಡಂ ಇಬ್ಬರಿಗೂ ಊಟದ ತಟ್ಟೆ ಇಡಲು ಹೋದಾಗ ಅಂಕಪಟ್ಟಿ ಮೇಜಿನ ಮೇಲಿತ್ತು. ಇಪ್ಪತ್ತೊಂಬತ್ತು, ಮೂವತ್ತು, ಇಪ್ಪತ್ತೊಂಬತ್ತು. ಒಂದು ಮನೆ ಖಾಲಿ.

"ಇವಳಿಗೆ ಏನ್ ಮಾಡೋಣ ಸಾರ್?" ಮೇಡಂ ಕೇಳಿದರು. "ಮಿಕ್ಕಿದ್ದೆಲ್ಲ ಚೆನ್ನಾಗೇ ಮಾಡಿದ್ದಾಳೆ."

ಸಾರ್ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಬಡಿಸುತ್ತಿದ್ದವಳು ನಾನೇ. "ಅವಳಿಗೆ ಹದಿನಾಲ್ಕು ಇಷ್ಟ ಮೇಡಂ. ಹದಿನಾಲ್ಕೇ ಕೊಟ್ಬಿಡಿ."

ಮೇಡಂ ಪೆನ್ನು ಎತ್ತಿ ಆ ಖಾಲಿ ಮನೆಯಲ್ಲಿ ಬರೆದರು.

ಅಪ್ಪ ಜೂನ್ ಮೂವತ್ತಕ್ಕೆ ರಿಟೈರ್ ಆದ, ಶಾಲು ಹೊದಿಸಿ ಕಳಿಸಿದರು. ಜುಲೈ ಒಂದಕ್ಕೆ ಅವನ ಜಾಗಕ್ಕೆ ನನ್ನನ್ನು ತೆಗೆದುಕೊಂಡರು. ಸೆಕ್ರೆಟರಿಯ ಹತ್ತಿರ ಮಾತಾಡಿದ್ದು ಚನ್ನಬಸವಯ್ಯ ಸಾರೇ. "ಬಾಯಿ ಬಿಡದ ಹುಡುಗಿ, ನಂಬಬಹುದು" ಅಂದರಂತೆ. ಚೀಟಿ ಈಗಲೂ ಅದೇ, 12.6; ಪುಡಿಯೂ ಆ ನೀರಿಲ್ಲದ್ದೇ. ನಾನು ಒಂಬತ್ತು ತೂಗುತ್ತೇನೆ. ಮಕ್ಕಳಿಗೆ ಸರಿಯಾಗಿ ಹತ್ತು ಬರುತ್ತದೆ. ಹೊಸ ಬ್ಯಾಚಿಗೆ ಸಾರ್ ಮೊದಲ ದಿನವೇ ಹದಿನಾಲ್ಕರ ಹುಡುಗಿಯ ಕಥೆ ಹೇಳಿ ನಗಿಸುತ್ತಾರೆ.

ಸಮನ್ವಿತಾ ಟಿಸಿಗೆಂದು ಆ ಜುಲೈನಲ್ಲೇ ಬಂದಿದ್ದಳು. ಥಿಯರಿಯಲ್ಲಿ ಎಪ್ಪತ್ತಕ್ಕೆ ಅರವತ್ತೆಂಟು, ಪ್ರಾಕ್ಟಿಕಲ್‌ನಲ್ಲಿ ಮೂವತ್ತಕ್ಕೆ ಹದಿನಾಲ್ಕು. ಕೆಮಿಸ್ಟ್ರಿ ಓದಬೇಕೆಂದಿದ್ದ ಕಾಲೇಜಿನ ಲಿಸ್ಟಿನಲ್ಲಿ ಹೆಸರು ಬರಲಿಲ್ಲವಂತೆ, ಬೇರೆ ಎಲ್ಲೋ ಬಿಕಾಂಗೆ ಸೇರಿದ್ದಳು. ಆಫೀಸಿನಲ್ಲಿ ಕೆಲಸ ಮುಗಿಸಿ ಲ್ಯಾಬು ದಾಟಿ ನೇರ ತೂಕದ ಕೋಣೆಗೆ ಬಂದಳು. ನನ್ನ ಖಾಕಿ ಕೋಟು ನೋಡಿದಳು.

"ಕೆಲಸ ಸಿಕ್ತಂತೆ."

"ಹೂಂ."

"ನಿಮ್ಮಪ್ಪ?"

"ಮನೇಲಿದ್ದಾರೆ. ಆರಾಮಾಗಿದ್ದಾರೆ."

"ಯಾರಿಗೂ ಹೇಳ್ಲಿಲ್ಲ ನಾನು" ಅಂದಳು. ನಾನು ತಕ್ಕಡಿಯ ಮೇಲಿನ ಧೂಳು ಒರೆಸಿದೆ. ಅವಳು ಬಾಗಿಲಲ್ಲೇ ನಿಂತಿದ್ದಳು. "ಇನ್ನೇನೂ ಬೇಡ. ಅವತ್ತಿಂದ ನಂಗೆ ನನ್ನ ಕಣ್ಣೇ ನಂಬಕ್ಕಾಗ್ತಿಲ್ಲ ಹೇಮಾ. ಒಂದೇ ಒಂದು ಹೇಳು, ಹೋಗ್ತೀನಿ. ತೊಂಬತ್ತು ತಾನೆ?"

"ನೂರಾ ಇಪ್ಪತ್ತಾರು" ಅಂದೆ.

ಅವಳು ತಲೆಯಾಡಿಸಿ ಹೋದಳು. ಆಗ ಕೋಣೆಯಲ್ಲಿ ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.